ಉರ್ದು ಕಡೆಯಿಂದ ಫ್ರೆಂಚ್ ಬೈಬಲ್

ಇಡೀ ಅಫಜಲಪುರ ತಾಲೂಕಿನಲ್ಲಿ ಮಧ್ಯಯುಗದ ಫ್ರೆಂಚ್ ಬೈಬಲ್ ಅಧ್ಯಯನ ಮಾಡಿದ ಏಕೈಕ ವಿದ್ವಾಂಸರು ನಮ್ಮ ಚಾಚಾ. ಅವರಿಗೆ ಫ್ರೆಂಚ್ ಬರುತ್ತದೆಯೇ ಎಂದು ಕೇಳಬೇಡಿ. ಅಂಥ ಸಣ್ಣಪುಟ್ಟ ಸಂಗತಿಗೆಲ್ಲ ತಲೆ ಕೆಡಿಸಿಕೊಳ್ಳುವವರಲ್ಲ ಅವರು!

ಉರ್ದು ಲಗ್ನಪತ್ರಿಕೆ ಬರೆಯುವುದು, ಹಳೆಯ ಪುಸ್ತಕಗಳನ್ನು ಹೊಲಿದು ರಟ್ಟು ಹಾಕುವುದು ಅವರ ಕಸುಬು. ಹೋದ ವರ್ಷ ಚಾಚಿ ತೀರಿಕೊಂಡ ಮೇಲೆ ಕಲಮು ಮುಟ್ಟಲಿಲ್ಲ. ಮತ್ತೆ ಮುಟ್ಟಲಿ ಎಂಬ ಆಸೆಯಿಂದ ನಾನು, ಪರದೇಶದ ಗ್ರಂಥಾಲಯವೊಂದು ಇಂಟರ್ನೆಟ್ಟಿಗೆ ಹಾಕಿದ್ದ ಬಂಗಾರದ ಚಿತ್ರಗಳ ಫ್ರೆಂಚ್ ಬೈಬಲ್ ಹಸ್ತಪ್ರತಿಯನ್ನು ಪ್ರಿಂಟ್ ತೆಗೆಸಿ, ಹೊಲಿಸಿ ಕೊಟ್ಟು ಜೇವರ್ಗಿಗೆ ಮರಳಿದೆ.

ಮರುದಿನವೇ ಫೋನು. "ಲೇ, ಇದು ಬಂಗಾರ ಅಲ್ಲ, ವರಖ್! ಪೇಢೆ ಮ್ಯಾಲ ತೆಳ್ಳನ ತಗಡ ಹಚ್ಚತಾರಲ್ಲ, ಅದೇ!"

ಪ್ರಯೋಗವಿಲ್ಲದೆ ಸಿದ್ಧಾಂತವುಂಟೇ? ಮಿಠಾಯಿ ಅಂಗಡಿಯಿಂದ ವರಖ್ ತಂದು, ಸಕ್ಕರೆ ಪಾಕ ಸವರಿ, ಒಬ್ಬ ಫರಿಶ್ತೆಯ, ಅಂದರೆ ದೇವದೂತನ, ರೆಕ್ಕೆಗೆ ಅಂಟಿಸಿದರು. ಮಧ್ಯಾಹ್ನದೊಳಗೆ ಇರುವೆಗಳು ಒಂದು ರೆಕ್ಕೆಯನ್ನು ಓದಿ ಮುಗಿಸಿದ್ದವು!

ಆಮೇಲೆ ಬಸವನಹುಳದ ಸಮಸ್ಯೆ. ಪುಟದ ಅಂಚಿನಲ್ಲಿ ಸಿಪಾಯಿಯೊಬ್ಬ ಕತ್ತಿ ಹಿರಿದು ಬಸವನಹುಳದ ಮೇಲೆ ಯುದ್ಧಕ್ಕೆ ನಿಂತಿದ್ದಾನೆ. ದೇವರ ಪುಸ್ತಕದಲ್ಲಿ ಇದೇಕೆ? ನನಗೂ ಗೊತ್ತಿಲ್ಲ. ಮಣ್ಣೂರಿನಿಂದ ಬಂದ ರೈತರೊಬ್ಬರು ನೋಡಿದ ಕೂಡಲೇ ಬಗೆಹರಿಸಿದರಂತೆ: "ನಮ್ಮ ತೊಗರಿಗೂ ಇದೇ ಹುಳ ಬಿದ್ದಾವ್ರಿ!"

ಕಥೆ ಮಾತ್ರ ಬಗೆಹರಿಯಲಿಲ್ಲ. ಚಾಚಾ ಮತ್ತೆ ಫೋನು ಮಾಡಿದರು. "ಮೊದಲ ಸತ್ತೋರು ಗೋರಿಯಾಗಿಂದ ಏಳತಾರ. ಆಮ್ಯಾಲ ಲಡಾಯಿ, ಮಹಾಪೂರ, ಹಡಗ. ಕಡೀಕ ತೋಟದಾಗ ಆದಮ್, ಹವ್ವಾ! ಫ್ರಾನ್ಸಿನೋರಿಗೆ ಕಯಾಮತ್, ಜಗತ್ತಿನ ಕಡೀ ದಿನ, ಮೊದಲ ಆಗಿಬಿಟ್ಟದೇನು?"

ನನಗೂ ತಲೆ ಗಿರ್ರೆಂದಿತು. ರವಿವಾರ ಬಸ್ಸು ಹಿಡಿದು ಹೋದೆ. ನೋಡುತ್ತೇನೆ, ಚಾಚಾ ಉರ್ದು ಪುಸ್ತಕ ಶುರುವಾಗುವ ಬಲಗಡೆಯಿಂದ ತೆರೆದು ಕುಳಿತಿದ್ದಾರೆ. ಫ್ರೆಂಚ್ ಪುಸ್ತಕ ಮುಗಿಯುವುದೇ ಅಲ್ಲಿ!

"ಚಾಚಾ, ಉಲ್ಟಾ ಓದಾಕತ್ತೀರಿ! ಕೊಡ್ರಿ ಇಲ್ಲಿ, ಸೀದಾ ತೋರಸ್ತೇನಿ."

ಚಾಚಾ ತಾವೇ ಎಡಗಡೆಯಿಂದ ನಾಲ್ಕು ಪುಟ ತಿರುವಿದರು, ನಿಲ್ಲಿಸಿದರು. ಪುಸ್ತಕವನ್ನು ಎದೆಗೆ ಅವಚಿಕೊಂಡರು.

"ಬ್ಯಾಡ ಬೇಟಾ. ನಿಮ್ಮ ಕಡೆಯಿಂದ ಓದಿದರ ಅವರಿಬ್ಬರನ್ನೂ ತೋಟದಾಗಿಂದ ಹೊರಗ ಹಾಕ್ತಾರ. ನನ್ನ ಕಡೆಯಿಂದ ಸತ್ತೋರು ಎದ್ದು ಬರ್ತಾರ, ಕಡೀಕ ಇಬ್ಬರೂ ತೋಟದಾಗ ಕುಂಡರ್ತಾರ. ಹಿಂಗೇ ಇರ್ಲಿ."

ಚಾಚಾ ಕಪಾಟು ತೋರಿಸಿ ಕಲಮು ತರಲು ಹೇಳಿದರು. ತೋಟದ ಚಿತ್ರದ ಕೆಳಗೆ, ಬಲದಿಂದ ಎಡಕ್ಕೆ, ಚಾಚಿಯ ಹೆಸರು ಬರೆದರು.