ತಿದ್ದುವ ಮಾಮಾ

ನನ್ನ ಸೋದರಮಾವನ ಮುಂದೆ ಆಕಳಿಸಬೇಡಿ. ಅದರಲ್ಲೂ ಉಚ್ಚಾರದ ತಪ್ಪು ಹಿಡಿದಾರು! ಭಾಲ್ಕಿಯಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದು ನಿವೃತ್ತರಾದ ಮಾಮಾ ಈಗ ಬೀದರಿನ ಚಿದ್ರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ನನ್ನ ಬಿ.ಪಿ.ಗೆ ಬೇರೆ ಕಾರಣ ಬೇಕೇ?

ಭಾಲ್ಕಿಯ ಒಂದು ಮದುವೆಯಲ್ಲಿ ವರ ಒಬ್ಬನನ್ನು ಕರೆತಂದು ತನ್ನ ಕಸಿನ್ ಬ್ರದರ್ ಎಂದು ಪರಿಚಯಿಸಿದ. ಕಸಿನ್ ಎಂದರೆ ಸಾಕು, ಬ್ರದರ್ ಎಂಬ ಬಾಲ ಯಾಕೆ ಎಂದು ಮಾಮಾ ಪಂಕ್ತಿಯಲ್ಲೇ ಪಾಠ ಶುರು ಮಾಡಿದರು. ಬಾಲ ಎಂದದ್ದು ತನಗೇ ಎಂದುಕೊಂಡು ಆ ಕಸಿನ್ ಊಟ ಬಿಟ್ಟು ಎದ್ದ. ಅವನನ್ನು ಸಮಾಧಾನಪಡಿಸಲು ಊಟ ಬಿಟ್ಟು ಓಡಿದವನು ನಾನು!

ಹಲ್ಲಿನ ಡಾಕ್ಟರು ಇವರ ಬಾಯಿ ತೆರೆಸಿ, ಈ ಟೀತ್ ಪೂರ್ತಿ ಕೆಟ್ಟಿದೆ ಎಂದರು. ಬಾಯಲ್ಲಿ ಕನ್ನಡಿ ಇದ್ದಂತೆಯೇ ಮಾಮಾ, 'ಒಂದಿದ್ರ ಟೂತ್ ಅನಬೇಕ್ರಿ' ಎಂದರು. ಡಾಕ್ಟರು ಬೇರೆ ಕಡೆ ತೋರಿಸಿ ಎಂದು ಕಳಿಸಿಬಿಟ್ಟರು. ಆ ವಾರವಿಡೀ ಮಾಮಾ ನರಳಿದ್ದು ಮಾತ್ರ ಶುದ್ಧ ವ್ಯಾಕರಣದಲ್ಲಿ!

ಇದನ್ನೆಲ್ಲ ಸಹಿಸಬಹುದಿತ್ತು. ನನ್ನ ನಿಜವಾದ ಸಿಟ್ಟು ಅವ್ವನ ವಿಷಯಕ್ಕೆ. ಮಾಮಾನ ತಂಗಿಯಾದ ಅವ್ವ ಓದಿದ್ದು ನಾಲ್ಕನೇ ಇಯತ್ತೆ. ಅವಳು 'ಪಿರೀಜು' ಎಂದರೆ ಇವರು 'ಫ್ರಿಜ್' ಎಂದು ಹತ್ತು ಸಲ ಹೇಳಿಸುವರು. ಕೊನೆಗೆ ಅಣ್ಣ ಬಂದರೆ ಅವ್ವ ಮಾತೇ ಬಿಟ್ಟು ಅಡುಗೆಮನೆ ಸೇರತೊಡಗಿದಳು. ನಮ್ಮ ಮನೆಗೆ ಬರಲೇಬೇಡಿ ಎಂದು ನಾನು ಜಗಳವನ್ನೂ ಆಡಿದೆ.

ಹೀಗಿರುವಾಗ ಅವರಿಬ್ಬರ ಹುಟ್ಟೂರಾದ ಔರಾದ ತಾಲ್ಲೂಕಿನ ಚಿಂತಾಕಿಯ ಸಾಲೆಯಿಂದ ಕರೆ ಬಂತು. ಅಲ್ಲಿನ ಮಕ್ಕಳಿಗೆ ಅವ್ವ ಸಮವಸ್ತ್ರ ಹೊಲಿದುಕೊಟ್ಟಿದ್ದಳು, ಸನ್ಮಾನವಂತೆ. ಮೂವರೂ ಹೋದೆವು. ಅವ್ವ ಗುಟ್ಟಾಗಿ ನಾಲ್ಕು ಇಂಗ್ಲಿಷ್ ವಾಕ್ಯ ಕಲಿತು ಬಂದಿದ್ದಳು. ವೇದಿಕೆಯಲ್ಲಿ ಚೀಟಿ ಬಿಚ್ಚಿ, 'ದಿಸ್ ಇಸ್ ಮೈ ಇಸ್ಕೂಲ್' ಎಂದಳು. ಮುಖ್ಯ ಅತಿಥಿ ಮೈಕಿನಲ್ಲೇ ನಕ್ಕ. ಸಭೆಯೂ ನಕ್ಕಿತು. ಅವ್ವ ಚೀಟಿ ಮಡಚತೊಡಗಿದಳು. ಈಗ ತೃಪ್ತಿಯಾಯಿತೇ ಎಂದು ಕೇಳಲು ನಾನು ಹಲ್ಲು ಕಚ್ಚಿ ಮಾಮಾನ ಕಡೆ ತಿರುಗಿದೆ.

ಮಾಮಾ ಆಗಲೇ ಎದ್ದು ನಿಂತಿದ್ದರು.

'ನಗಬ್ಯಾಡ್ರಿ ಸಾಹೇಬ್ರ. ನಮ್ಮಿಬ್ಬರೊಳಗ ಆಕೀನೇ ಶಾಣ್ಯಾಕಿ ಇದ್ದಳು. ನಾ ಓದ್ಬೇಕಂತ ಆಕೀಗಿ ಸಾಲಿ ಬಿಡಿಸಿ ಹೊಲಕ್ಕ ಹಚ್ಚಿದ್ರು. ನಾ ಸುಮ್ಮ ಇದ್ದೆ.'

ಮಾಮಾ ಅವ್ವನನ್ನು ನೋಡಿ, 'ಓದು ತಂಗಿ. ಹ್ಯಾಂಗ ಬರ್ತದ ಹಂಗೇ ಓದು' ಎಂದರು.

ಅವ್ವ ಓದಿದಳು. ಉಳಿದ ಮೂರು ವಾಕ್ಯ ಮುಗಿಯುವವರೆಗೂ ಮಾಮಾ ಕೂರಲಿಲ್ಲ. ಸಾಲೆಯ ಹುಡುಗನಂತೆ ಕೈಕಟ್ಟಿ ನಿಂತೇ ಇದ್ದರು.