ಡಿಸ್ಕವರಿ ಗಾರ್ಡನ್ಸಿನಲ್ಲಿ ಮಟ್ಟುಗುಳ್ಳ

ಈ ಸಲ ದುಬೈಯಲ್ಲಿ ಮಟ್ಟುಗುಳ್ಳ ಬೆಳೆದೇ ತೀರುತ್ತೇನೆ ಎಂದು ನಾನು ಆಗಸ್ಟಿನಲ್ಲಿ ಎದೆ ತಟ್ಟಿ ಘೋಷಿಸಿದಾಗ, ಕೇಳಿಸಿಕೊಳ್ಳಲು ಮನೆಯಲ್ಲಿದ್ದದ್ದು ಫ್ರಿಜ್ ಒಂದೇ. ಅದು ಗುರ್ರ್ ಎಂದಿತು. ಸರ್ವಾನುಮತದ ಒಪ್ಪಿಗೆ ಎಂದುಕೊಂಡೆ!

ಹೆಂಡತಿ ಸುಪ್ರೀತಾ ಮಗಳು ಧೃತಿಯನ್ನು ಕರೆದುಕೊಂಡು ಉಡುಪಿಗೆ ಹೋಗಿ ಎರಡು ವರ್ಷವಾಯಿತು. ಅವಳಿಗೆ ಅಲ್ಲಿನ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ನನ್ನನ್ನು ಜುಮೇರಾ ಲೇಕ್ ಟವರ್ಸಿನ ಆಫೀಸು ಬಿಡಲಿಲ್ಲ. ಹಾಗಾಗಿ ನಾನು ಡಿಸ್ಕವರಿ ಗಾರ್ಡನ್ಸಿನ ಫ್ಲ್ಯಾಟಿಗೆ ಏಕಚಕ್ರಾಧಿಪತಿ. ಪ್ರಜೆಗಳಿಲ್ಲ, ಅಷ್ಟೇ. ದಿನಾ ಸಂಜೆ ವಿಡಿಯೋ ಕಾಲ್. "ಊಟ ಆಯ್ತಾ?" "ಆಯ್ತು. ನಿಮ್ದು?" "ಆಯ್ತು." ಹಿಂದಿನಿಂದ ಮಗಳು ಓಡುತ್ತಲೇ, "ಹಾಯ್ ಅಪ್ಪಾ, ಬೈ ಅಪ್ಪಾ." ಖಲಾಸ್! ಸಾಂಬಾರು ಬಿಸಿಯಾಗುವುದರೊಳಗೆ ಸಂಸಾರ ಮುಗಿಯುತ್ತಿತ್ತು. ಆಮೇಲೆ ಫ್ರಿಜ್ಜು ಮತ್ತು ನಾನು.

ಬೀಜ ಸಿಕ್ಕಿದ್ದು ಸುಪ್ರೀತಾ ಕಳಿಸಿದ ಹಪ್ಪಳದ ಡಬ್ಬಿಯ ತಳದಲ್ಲಿ. ಅವಳ ತವರು ಉಡುಪಿ ಹತ್ತಿರದ ಮಟ್ಟು. ಆ ಊರಿನ ದುಂಡು ಬದನೆ ಗುಳ್ಳವೆಂದರೆ ಅವಳಿಗೆ ಜೀವ. ಊರಿನಲ್ಲಾದರೆ ಅಂಗಳದಲ್ಲೇ ಸಸಿ ಎಬ್ಬಿಸಬಹುದು. ಇಲ್ಲಿ ಆಗಸ್ಟಿನಲ್ಲಿ ಬಾಲ್ಕನಿಗೆ ಬೀಜ ಹಾಕಿದರೆ ಅದು ಮೊಳೆಯುವುದಿಲ್ಲ, ಹುರಿಯುತ್ತದೆ. ಆದ್ದರಿಂದ ಎ.ಸಿ. ಕೋಣೆಯೊಳಗೆ ಸಸಿ ಮಾಡಿ, ಸೆಕೆ ಇಳಿದ ಮೇಲೆ ಹೊರಗೆ ದಾಟಿಸಬೇಕು. ಮೊಸರಿನ ಡಬ್ಬಿಗಳಿಗೆ ತೂತು ಕೊರೆದು, ಮಣ್ಣು ತುಂಬಿ, ಕಿಟಕಿಯ ಬದಿಗೆ ಸಾಲಾಗಿ ಇಟ್ಟೆ. ಕೆಲವೇ ದಿನಗಳಲ್ಲಿ ಹಸಿರು ತಲೆಗಳು ಎದ್ದವು.

ಸಸಿಗಳಿಗಿಂತ ಬೇಗ ಬೆಳೆದದ್ದು ನಮ್ಮ ಕಾಲ್!

"ಕ್ಯಾಮೆರಾ ಹತ್ರ ತನ್ನಿ. ಎಂತ ಇದು, ಎಲೆ ಮುದುಡಿದೆಯಲ್ಲ? ನೀರು ಜಾಸ್ತಿ ಆಯ್ತು."

"ನಿನ್ನೆ ಕಮ್ಮಿ ಆಯ್ತು ಹೇಳಿದ್ದು ನೀನೇ."

"ನಿನ್ನೆ ಕಮ್ಮಿ, ಇವತ್ತು ಜಾಸ್ತಿ. ಮಧ್ಯ ಅಂತ ಒಂದು ಉಂಟು ಮಾರಾಯ್ರೆ."

ಧೃತಿಯೂ ಓಡುವುದನ್ನು ನಿಲ್ಲಿಸಿ ಅಮ್ಮನ ಪಕ್ಕ ಕೂತಳು. ಅರ್ಧ ತಾಸು, ಮುಕ್ಕಾಲು ತಾಸು ಮಾತು. ನಾನು ಗೊಬ್ಬರದ ಮೇಲೆ, ಬೆಳಕಿನ ಮೇಲೆ, ಎರೆಹುಳುವಿನ ಮಹಿಮೆಯ ಮೇಲೆ ಭಾಷಣ ಬಿಗಿಯುತ್ತಿದ್ದೆ. ಸಂಜೆಗೆ ಏನು ಹೇಳುವುದೆಂದು ಆಫೀಸಿನಲ್ಲೇ ತಯಾರಿ ನಡೆಯುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಬದನೆಕಾಯಿ ಸೇರುವುದೇ ಇಲ್ಲ. ಅವರಿಬ್ಬರೂ ಎದ್ದು ಹೋಗದಿದ್ದರೆ ಸಾಕಿತ್ತು.

ಒಂದು ಶನಿವಾರ ಮಧ್ಯಾಹ್ನ ಸುಪ್ರೀತಾ, "ಚಂದ ಬಂದಿದೆ. ನಿಮ್ಮ ಕೈಗುಣ ಒಳ್ಳೆದುಂಟು" ಎಂದುಬಿಟ್ಟಳು. ಮದುವೆಯಾದ ಮೇಲೆ ನನಗೆ ಬಂದ ಮೊದಲ ಪ್ರಶಸ್ತಿ! ಉಬ್ಬಿಹೋಗಿ ಡಬ್ಬಿಗಳನ್ನೆಲ್ಲ ಬಾತ್‌ರೂಮಿಗೆ ಹೊತ್ತು, ತಣ್ಣೀರಿನ ನಲ್ಲಿ ತಿರುಗಿಸಿ, ಶವರಿನಲ್ಲಿ ಮಹಾಭಿಷೇಕ ಮಾಡಿದೆ.

ಗಲ್ಫಿನ ಬೇಸಿಗೆ ಕಂಡವರಿಗೆ ಇಷ್ಟು ಓದಿಯೇ ಎದೆ ಧಸಕ್ಕೆಂದಿರಬೇಕು. ತಾರಸಿಯ ಟ್ಯಾಂಕು ಬಿಸಿಲಿಗೆ ಕುದಿಯುವುದರಿಂದ ಇಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬರುವುದು ಬಿಸಿನೀರು. ಗೀಸರ್ ಆಫ್ ಮಾಡಿಟ್ಟರೆ ಅದರೊಳಗೆ ನಿಂತ ನೀರು ಎ.ಸಿ.ಗೆ ತಣಿದು, ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು ಬರುತ್ತದೆ. ಹತ್ತು ವರ್ಷಗಳಿಂದ ಹೀಗೆ ತಿರುಗಾಮುರುಗಾ ಸ್ನಾನ ಮಾಡುತ್ತಿರುವ ಮಹಾನುಭಾವ ನಾನು, ಒಂದು ಹೊಗಳಿಕೆಗೆ ಎಲ್ಲ ಮರೆತೆ. ಕಾಯಿಯಾಗಿ ಬೇಯಬೇಕಿದ್ದ ಗುಳ್ಳ ಸಸಿಯಲ್ಲೇ ಬೆಂದಿತು.

ಅವಳಿಗೆ ಹೇಳಿಬಿಡಬಹುದಿತ್ತು. ಹೇಳಿದರೆ ಮತ್ತೆ "ಊಟ ಆಯ್ತಾ" ಶುರುವಾಗುತ್ತದೆ ಎಂದು ಭಯವಾಯಿತು. ನರ್ಸರಿಗೆ ಓಡಿದೆ. ಅಂಗಡಿಯವನು ಬದನೆ ಸಸಿ 'ಮಾಫಿ', ಅಂದರೆ ಇಲ್ಲವೇ ಇಲ್ಲ, ಎಂದ. ಇದ್ದದ್ದು ಮೆಣಸಿನ ಸಸಿ. ಹಸಿರೆಂದರೆ ಹಸಿರು, ದೂರದಿಂದ ಹಿಡಿದರೆ ಯಾರಿಗೆ ತಿಳಿಯುತ್ತದೆ? ಅದನ್ನೇ ತಂದೆ. ಅಂದಿನಿಂದ ಅವಳು "ಹತ್ರ ತನ್ನಿ" ಎಂದಾಗಲೆಲ್ಲ ನನ್ನ ನೆಟ್ ಕೈಕೊಡತೊಡಗಿತು.

ನವೆಂಬರಿನಲ್ಲಿ ಅವಳು ಕೇಳಿದಳು, "ಹೂ ಬಂತಾ?"

"ಓ, ಬಂತಲ್ಲ."

"ಎಂತ ಬಣ್ಣ?"

"ನೇರಳೆ." ಇಂಟರ್ನೆಟ್ಟಿನಲ್ಲಿ ನೋಡಿ ಬಾಯಿಪಾಠ ಮಾಡಿದ್ದೆ.

"ಹಾಗಾದ್ರೆ ನಾಳೆ ತೋರ್ಸಿ."

ಮರುದಿನ ಬೆಳಿಗ್ಗೆ ಕಟ್ಟಡದ ಮುಂದಿನ ನೇರಳೆ ಬೋಗನ್‌ವಿಲ್ಲಾಕ್ಕೆ ಕೈಹಾಕಿದಾಗ ಸೆಕ್ಯೂರಿಟಿ ನಾರ್ಬರ್ಟ್ ಪ್ರತ್ಯಕ್ಷನಾದ. ಬಜ್ಪೆಯವನು, ನಮ್ಮವನೇ.

"ಹೂ ಎಂತಕ್ಕೆ ಸರ್? ಮೇಡಂ ಬರ್ತಾ ಇದ್ದಾರಾ?"

"ಇಲ್ಲ. ಮೆಣಸಿನ ಗಿಡಕ್ಕೆ ಅಂಟಿಸ್ಲಿಕ್ಕೆ."

ಅವನು, "ಸರ್, ನೀವೊಮ್ಮೆ ಊರಿಗೆ ಹೋಗಿ ಬನ್ನಿ" ಎಂದು ಮೆಲ್ಲನೆ ಹೇಳಿ ಹೋದ.

ಸಂಜೆ ಕಾಲ್ ಬಂತು. ಗೋಂದು ಹಚ್ಚಿ ಸಿಂಗರಿಸಿದ ಗಿಡವನ್ನು ಎತ್ತಿ ಹಿಡಿದು ಪರಾಗಸ್ಪರ್ಶದ ಕುರಿತು ವಿದ್ವತ್ಪೂರ್ಣವಾಗಿ ಆರಂಭಿಸಿದೆ. ದುಂಬಿಯ ಪಾತ್ರಕ್ಕೆ ಬರುವಷ್ಟರಲ್ಲಿ ಒಂದು ಹೂ ಕಳಚಿ ಬಿತ್ತು. ಹಿಂದೆಯೇ ಇನ್ನೊಂದು. ಮೂರನೆಯದು ನನ್ನ ಚಹಾದೊಳಗೆ!

"ಅಪ್ಪಾ, ದಟ್ಸ್ ಅ ಚಿಲ್ಲಿ ಪ್ಲಾಂಟ್" ಎಂದಳು ಧೃತಿ. "ವಿ ನ್ಯೂ, ಮೊದ್ಲೇ ಗೊತ್ತಿತ್ತು."

"ಯಾವಾಗಿಂದ?"

"ನೀವು ತಂದ ದಿನದಿಂದ" ಎಂದಳು ಸುಪ್ರೀತಾ. "ಗುಳ್ಳದ ಎಲೆ ನೋಡಿಯೇ ದೊಡ್ಡವಳಾದವಳು ನಾನು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮತ್ತೆ 'ಊಟ ಆಯ್ತಾ' ಕೇಳಿ ಫೋನ್ ಇಡ್ತಿದ್ರಿ. ಇಷ್ಟು ವರ್ಷದಲ್ಲಿ ನೀವು ನನ್ನ ಹತ್ರ ಇಷ್ಟು ಮಾತಾಡಿದ್ದು ಇದೇ ಮೊದಲು. ಅದೂ ಪೂರಾ ಸುಳ್ಳು."

ಫೋನ್ ಇಡುತ್ತಿದ್ದವನು ನಾನಾ? ಅವರಿಗೆ ಪುರುಸೊತ್ತಿಲ್ಲ ಎಂದು ಎರಡು ವರ್ಷ ಕೊರಗಿದ್ದೆ. ನಾಚಿಕೆಯಾಯಿತು, ಅಳುವೂ ಬಂತು.

"ಇರ್ಲಿ ಬಿಡಿ, ಇನ್ನು ಗಿಡದ ಸುದ್ದಿ ಸಾಕು" ಎಂದಳು ಅವಳು. "ನೀವು ಹೇಗಿದ್ದೀರಿ ಅಲ್ಲಿ, ಒಬ್ರೇ?"

ಎರೆಹುಳುವಿನ ಬಗ್ಗೆ ಮುಕ್ಕಾಲು ತಾಸು ಕೊರೆದ ಬಾಯಲ್ಲಿ ಈ ಪ್ರಶ್ನೆಗೆ ಒಂದು ಶಬ್ದವೂ ಹುಟ್ಟಲಿಲ್ಲ. ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ.

ಧೃತಿ ಪರದೆಯ ಹತ್ತಿರ ಬಗ್ಗಿದಳು. "ಅಪ್ಪಾ, ಯು ಆರ್ ಆನ್ ಮ್ಯೂಟ್."