ಏನೂ ಇಲ್ಲದ ಜಾಗದ ಸಂರಕ್ಷಣೆ

ಔರಾದ ಬಸ್ ನಿಲ್ದಾಣದ ಹಿಂದಿನ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗದಲ್ಲಿ ಏನೂ ಇಲ್ಲವೆಂಬುದು ಸಕ್ಷಮ ಪ್ರಾಧಿಕಾರದಿಂದ ದೃಢಪಟ್ಟಿದೆ.

ಈ ಸಂಗತಿಯನ್ನು ಮೊದಲು ಕಂಡವನು ಬೀದರಿನ ರೂಬೆನ. ಗಾಂಧಿ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಗಳಿಗೆ ಇಪ್ಪತ್ತು ವರ್ಷ ಬೋರ್ಡು ಬರೆದು, ಇದ್ದದ್ದನ್ನು ಇದೆ ಎಂದು ಬರೆಯುವುದು ಅವನಿಗೆ ಸಾಕಾಗಿತ್ತು. ಒಂದು ದಿನ ಔರಾದಕ್ಕೆ ಹೋಗಿ, ಆ ಜಾಗದ ಸುತ್ತ ಹಗ್ಗ ಕಟ್ಟಿ, ‘ಇಲ್ಲಿ ಏನೂ ಇಲ್ಲ’ ಎಂಬ ಬೋರ್ಡು ನೆಟ್ಟು ಬಂದ. ಇದು ಪರಿಕಲ್ಪನಾ ಕಲೆ, ಇದರಲ್ಲಿ ವಿಚಾರವೇ ಚಿತ್ರ ಎಂದು ಹೆಂಡತಿಗೆ ವಿವರಿಸಿದ.

“ಅದಕ್ಕ ಔರಾದ ತನಕ ಯಾಕ ಹೋದ್ರಿ? ನಮ್ಮ ಅಡಗಿಮನಿಯೊಳಗ ಹಾಕಬಹುದಿತ್ತಲ್ರಿ,” ಎಂದಳು ನರ್ಸ್ ಆಗಿದ್ದ ಹೆಂಡತಿ ಎಸ್ತರ.

ತಿಂಗಳೊಳಗೆ ಖಾಲಿ ಜಾಗಗಳ ಸಂರಕ್ಷಣಾ ಕಚೇರಿಯಿಂದ ನೋಟಿಸು ಬಂತು. ‘ಅನಧಿಕೃತ ಕಲಾವಿದರಾದ ತಾವು’ ಎಂದು ಶುರುವಾಗಿತ್ತು. ತನ್ನನ್ನು ಕಲಾವಿದ ಎಂದು ಯಾರಾದರೂ ಕರೆದದ್ದು ಅದೇ ಮೊದಲು; ರೂಬೆನ ಎರಡು ಸಲ ಓದಿ, ಇಸ್ತ್ರಿ ಅಂಗಿ ತೊಟ್ಟು ಕಚೇರಿಗೆ ಹೋದ.

“ಅಲ್ಲಿ ಏನೂ ಇಲ್ಲಂತ ಯಾರು ಸರ್ಟಿಫಿಕೇಟ್ ಕೊಟ್ಟಾರ್ರಿ?” ಅಧಿಕಾರಿ ಹಾವಗೆಪ್ಪ ಕೇಳಿದರು.

“ಕಣ್ಣಿಗಿ ಕಾಣ್ತದಲ್ರಿ ಸಾಹೇಬ್ರ.”

“ನಿಮ್ಮ ಕಣ್ಣು ನಮ್ಮ ಸಿಬ್ಬಂದಿ ಅಲ್ರಿ.”

ಸಮಿತಿಯೊಂದು ಮೂರು ಸಲ ಸ್ಥಳ ಪರಿಶೀಲಿಸಿ, ಏನೂ ಇಲ್ಲವೆಂದು ಬಹುಮತದಿಂದ ತೀರ್ಮಾನಿಸಿತು. ಒಬ್ಬ ಸದಸ್ಯರು ಅಲ್ಲೊಂದು ಆಡು ಕಂಡಿದ್ದರು. ಅದು ತಾತ್ಕಾಲಿಕವೆಂದು ನಮೂದಿಸಲಾಯಿತು. ನಿಯಮ ಹನ್ನೊಂದರ ಪ್ರಕಾರ, ದೃಢಪಟ್ಟ ಶೂನ್ಯವನ್ನು ಸಂರಕ್ಷಿಸುವುದು ಕಡ್ಡಾಯ. ಗುತ್ತಿಗೆ ಹಾವಗೆಪ್ಪನವರ ಅಳಿಯ ಅಮಿತಕುಮಾರನಿಗೆ ಸಿಕ್ಕಿತು. ಅವನು ಅಲ್ಲಿ ಏನೂ ಮಾಡಿಲ್ಲವೆಂದು ದೂರು ಬಂದಾಗ ತನಿಖೆ ನಡೆದು, ಕಾಮಗಾರಿ ನಕ್ಷೆಗೆ ಅನುಗುಣವಾಗಿಯೇ ಇದೆಯೆಂದು ವರದಿಯಾಯಿತು.

ಪಕ್ಕದ ತಾಲ್ಲೂಕಿನ ಭಾಲ್ಕಿಯವರು ಸುಮ್ಮನಿರಲಿಲ್ಲ. “ಔರಾದಕ್ಕ ಕೊಟ್ಟೀರಿ, ನಮಗ್ಯಾಕ ಇಲ್ರಿ?” ಎಂದು ರಸ್ತೆ ತಡೆದರು. ಭಾಲ್ಕಿಗೂ ಮಂಜೂರಾಯಿತು.

ರೂಬೆನನದು ಒಂದೇ ಅರ್ಜಿ: ಬೋರ್ಡಿನ ಮೂಲೆಯಲ್ಲಿ ತನ್ನ ಹೆಸರಿರಲಿ.

“ನಿಮ್ಮ ಹೆಸರಿದ್ರ ಅಲ್ಲಿ ಏನೋ ಅದ ಅಂದಂಗಾಗ್ತದಲ್ರಿ,” ಎಂದರು ಹಾವಗೆಪ್ಪ.

ಮಾತು ನಿಯಮಬದ್ಧವಾಗಿತ್ತು; ರೂಬೆನ ಹೌದೆಂದು ತಲೆಯಾಡಿಸಿದ.

ಭಾಲ್ಕಿಯ ಉದ್ಘಾಟನೆಗೆ ಅವನಿಗೆ ಆಮಂತ್ರಣವಿರಲಿಲ್ಲ. ಎಸ್ತರಳ ಜೊತೆ ಬಸ್ಸಿನಲ್ಲಿ ಹೋಗಿ ಜನರ ಹಿಂದೆ ನಿಂತ. ಪರದೆ ಸರಿಯಿತು. ಚಪ್ಪಾಳೆ ಬಹಳ ಹೊತ್ತು ನಡೆಯಿತು.

“ಔರಾದದಕ್ಕಿಂತ ಛಲೋ ಆಗ್ಯದ ನೋಡ್ರಿ,” ಎಂದಳು ಪಕ್ಕದಲ್ಲಿದ್ದ ಯಾರೋ ಮುದುಕಿ.

ರೂಬೆನ ಹಿಮ್ಮಡಿ ಎತ್ತಿ ನೋಡಿದ.

“ಹೌದ್ರಿ, ಜರಾ ದೊಡ್ಡದೂ ಆಗ್ಯದ,” ಎಂದು ತಾನೂ ಚಪ್ಪಾಳೆ ತಟ್ಟಿದ.